ಜಪಾನಿನ 201 ಸರಣಿಯ ಲೋಕಲ್ ರೈಲಿಗೆ ಅಷ್ಟೊಂದು ಹೆಸರು ಯಾಕೆ? ಅದನ್ನು ಯಾಕೆ ನಿಲ್ಲಿಸಿದರು?

ಹೆಸರು ಬಂದದ್ದು ಕರೆಂಟ್ ಉಳಿಸಿದ್ದಕ್ಕೆ. ಅದಕ್ಕಿಂತ ಹಿಂದಿನ 103 ಸರಣಿಯಲ್ಲಿ ಮೋಟಾರಿನ ವೇಗವನ್ನು ಹಿಡಿತದಲ್ಲಿಡಲು ರೆಸಿಸ್ಟರುಗಳಿದ್ದವು, ಅಂದರೆ ವಿದ್ಯುತ್ತಿನ ಹರಿವಿಗೆ ಅಡ್ಡಿ ಒಡ್ಡುವ ಭಾಗಗಳು. ಹೊರಡುವಾಗ ಒಂದಷ್ಟು ವಿದ್ಯುತ್ ಅಲ್ಲೇ ಶಾಖವಾಗಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ನಿಂತವರ ಕಾಲಿಗೆ ಬೋಗಿಯ ಅಡಿಯಿಂದ ಬಿಸಿಗಾಳಿ ಬಡಿಯುತ್ತಿತ್ತು.

1973ರ ತೈಲ ಬಿಕ್ಕಟ್ಟಿನ ನಂತರ ಈ ಪೋಲು ದುಬಾರಿ ಅನ್ನಿಸಿತು. 1979ರಲ್ಲಿ ಜಪಾನ್ ರಾಷ್ಟ್ರೀಯ ರೈಲ್ವೆ 201ರ ಮಾದರಿ ರೈಲನ್ನು ಹಳಿಗಿಳಿಸಿತು. ಇದರಲ್ಲಿದ್ದದ್ದು ಥೈರಿಸ್ಟರ್ ಚಾಪರ್: ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಹರಿಸಿ, ತಡೆದು ಮೋಟಾರಿಗೆ ಬೇಕಾದಷ್ಟನ್ನೇ ಕೊಡುವ ಉಪಕರಣ. ಹೊರಡುವಾಗ ಕೇಳುವ ಗುಂಯ್ ಸದ್ದು ಅದರದೇ. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ವಿದ್ಯುತ್ತನ್ನು ಮೇಲಿನ ತಂತಿಗೆ ವಾಪಸು ಕಳಿಸುತ್ತಿತ್ತು, ಅದನ್ನು ಹತ್ತಿರದ ಇನ್ನೊಂದು ರೈಲು ಬಳಸಿಕೊಳ್ಳಬಹುದಿತ್ತು. ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ.

1981ರಿಂದ ಟೋಕಿಯೊದ ಚುಓ ಮಾರ್ಗದಲ್ಲಿ ಕಿತ್ತಳೆ ಬಣ್ಣ ಹೊತ್ತು ಓಡಿತು. ಒಟ್ಟು ಸಾವಿರಕ್ಕೂ ಹೆಚ್ಚು ಬೋಗಿಗಳು ತಯಾರಾದವು. ಆದರೆ ಚಾಪರ್ ಬಲು ದುಬಾರಿ. ಅದಕ್ಕೇ 1985ರಲ್ಲಿ ಸರಳ ನಿಯಂತ್ರಣದ, ಸ್ಟೇನ್‌ಲೆಸ್ ಉಕ್ಕಿನ ಹಗುರ 205 ಸರಣಿ ಬಂತು, 201ರ ತಯಾರಿಕೆ ಮುಗಿಯಿತು. ಆಮೇಲೆ ಹೊಸ ಇ233 ಸರಣಿ ಬಂದು 2010ರಲ್ಲಿ ಚುಓ ಮಾರ್ಗದಲ್ಲಿ 201ರ ಓಟ ನಿಂತಿತು. ಒಸಾಕಾದ ವರ್ತುಲ ಮಾರ್ಗದಲ್ಲಿ 2019ರವರೆಗೂ ದುಡಿಯಿತು.

ಮಾದರಿ ರೈಲಿನ ನಂತರ ತಯಾರಾದವುಗಳಲ್ಲಿ ಕುಹಾ 201-1 ಎಂಬ ಸಂಖ್ಯೆಯ ಬೋಗಿಯನ್ನು ಉಳಿಸಿಕೊಳ್ಳಲಾಗಿದೆ.