ಪ್ರ: ಉಳ್ಳಾಲದಲ್ಲಿ ಕಡಲ ಪಕ್ಕ 10 ಸೆಂಟ್ಸ್ ಜಾಗ, ಕಲ್ಲಿನ ತಡೆಗೋಡೆ ಇದೆ. ಜನವರಿಯಲ್ಲಿ ಹೋಗಿ ನೋಡಿದೆ. ತಗೊಳ್ಳಬಹುದಾ?

ದಯವಿಟ್ಟು ಅವಸರ ಮಾಡಬೇಡಿ. ನೀವು ಜನವರಿಯಲ್ಲಿ ನೋಡಿದ್ದು ಅಂದಿದ್ದೀರಿ, ಆಗ ಮರಳು ಅಗಲವಾಗಿಯೇ ಇರುತ್ತದೆ. ಜುಲೈನಲ್ಲಿ ಒಮ್ಮೆ ಬಂದು ನೋಡಿ. ಮಳೆಗಾಲದ ಅಲೆ ಮರಳನ್ನು ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ಒಂದಷ್ಟು ವಾಪಸ್ ಬರುತ್ತದೆ. ಪೂರ್ತಿ ಬರದ ಕಡೆ ದಡ ಹಿಂದೆ ಸರಿಯುತ್ತಾ ಹೋಗುತ್ತದೆ.

ತಡೆಗೋಡೆ ನೋಡಿ ಧೈರ್ಯ ತಗೊಳ್ಳಬೇಡಿ. ಅಲೆ ಕಲ್ಲಿಗೆ ಬಡಿದು ವಾಪಸ್ ಹೋಗುವಾಗ ಬುಡದ ಮರಳನ್ನೇ ಕೊರೆಯುತ್ತದೆ. ಕಲ್ಲು ಒಂದೊಂದಾಗಿ ಕುಸಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇನ್ನೂ ಜಾಸ್ತಿ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆ ಬಾಗಿಲು ಅಲ್ಲೇ ಪಕ್ಕದಲ್ಲಿದೆ ಅಲ್ವಾ, ಅದರ ಎರಡೂ ಬದಿಗೆ ಅಲೆತಡೆ ಕಟ್ಟಿದ್ದಾರೆ. ಇಂಥ ಕಟ್ಟೆಗಳು ದಡದುದ್ದ ಸಾಗುವ ಮರಳಿನ ದಾರಿ ಬದಲಿಸುತ್ತವೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಸಮುದ್ರದೊಳಗೆ ರೀಫ್ (ಅಲೆಯ ಹೊಡೆತ ತಗ್ಗಿಸುವ ದಿಬ್ಬ) ಕಟ್ಟಿದ್ದೂ ಈ ಕೊರೆತ ತಡೆಯುವುದಕ್ಕಾಗಿಯೇ.

ಹೋದಾಗ ತೆಂಗಿನಮರಗಳ ಬುಡ ನೋಡಿ. ಬೇರು ಬರಿದಾಗಿ ನೇತಾಡುತ್ತಿದ್ದರೆ ಮರಳು ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತದೆ. ಅಲ್ಲಿನ ಮೀನುಗಾರರನ್ನು ಕೇಳಿ, ಮೊದಲು ದೋಣಿ ಎಲ್ಲಿ ಎಳೆದಿಡುತ್ತಿದ್ದರು ಅಂತ ಕೈ ತೋರಿಸಿ ಹೇಳುತ್ತಾರೆ. ಸಿಆರ್‌ಝಡ್ (ಕಡಲ ಪಕ್ಕ ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಭರತದ ಗೆರೆ, ಅಂದರೆ ಉಬ್ಬರದ ನೀರು ಬಂದು ಮುಟ್ಟುವ ಗೆರೆ, ಎಲ್ಲಿದೆ ನೋಡದೆ ಅಡ್ವಾನ್ಸ್ ಕೊಡಲೇಬೇಡಿ.