ಸಿಂಫೋನಿಕ್ ಮೆಟಲ್‌ನಲ್ಲಿ ಇಡೀ ಆಲ್ಬಮ್ ಒಂದೇ ಕಥೆ ಹೇಳುವುದು ಹೇಗೆ? ಯಾವುದರಿಂದ ಶುರು ಮಾಡಲಿ?

ಸಿಂಫೋನಿಕ್ ಮೆಟಲ್ ಅಂದರೆ ಹೆವಿ ಮೆಟಲ್ ರಾಕ್‌ಗೆ ಆರ್ಕೆಸ್ಟ್ರಾ ಬೆರೆಸಿದ ಸಂಗೀತ. ಒಂದೇ ಕಥೆ ಹೇಳುವ ಆಲ್ಬಮ್‌ನಲ್ಲಿ ಹಾಡುಗಳನ್ನು ಸುಮ್ನೆ ಒಂದೆಡೆ ಸೇರಿಸಿರುವುದಿಲ್ಲ. ಒಂದೊಂದು ಹಾಡೂ ಕಥೆಯ ಒಂದು ಅಧ್ಯಾಯ. ಹಾಗಾಗಿ ಶಫಲ್ ಆಫ್ ಮಾಡಿ, ಮೊದಲಿನಿಂದಲೇ ಕೇಳಿ.

ಶುರುವಿಗೆ ಇಟಲಿಯ ರಾಪ್ಸೊಡಿ ಬ್ಯಾಂಡೇ ಸರಿ. 1997ರ 'ಲೆಜೆಂಡರಿ ಟೇಲ್ಸ್'ನಿಂದ 2002ರ 'ಪವರ್ ಆಫ್ ದ ಡ್ರ್ಯಾಗನ್‌ಫ್ಲೇಮ್'ವರೆಗೆ ಐದು ರೆಕಾರ್ಡ್‌ಗಳ ಸರಣಿ ಅದು. ಕತ್ತಲ ರಾಜ ಅಕ್ರಾನ್‌ನನ್ನು ಎದುರಿಸಲು ಯೋಧನೊಬ್ಬ ಪಚ್ಚೆ ಖಡ್ಗ ಹುಡುಕಿಕೊಂಡು ಹೊರಡುತ್ತಾನೆ. ಕಥೆ ಬರೆದವರು ಗಿಟಾರ್ ವಾದಕ ಲೂಕಾ ತುರಿಲ್ಲಿ.

ಕಥೆ ಸರಳವೇ. ಆದರೆ ಅದನ್ನು ಸಂಗೀತವೇ ಹೇಳುವ ರೀತಿ ಇದೆಯಲ್ಲ, ನನಗೆ ಅದೇ ಜಾಸ್ತಿ ಇಷ್ಟ. ಯುದ್ಧ ಬಂದಾಗ ಡ್ರಮ್ ಮತ್ತು ಕೋರಸ್ ಒಟ್ಟಿಗೆ ನುಗ್ಗುತ್ತವೆ. ಕಾಡು, ಪಯಣ ಬಂದರೆ ಕೊಳಲು, ಅಕೌಸ್ಟಿಕ್ ಗಿಟಾರ್. ನಡುನಡುವೆ ನಿರೂಪಕನ ಮಾತು. 2004ರಲ್ಲಿ ಶುರುವಾದ ಅವರ ಮುಂದಿನ ಕಥಾಸರಣಿಗೆ ನಟ ಕ್ರಿಸ್ಟೋಫರ್ ಲೀ ದನಿ ಕೊಟ್ಟರು. ಆ ಗಂಭೀರ ಕಂಠಕ್ಕಾಗಿಯೇ ಅದನ್ನೂ ಕೇಳಬೇಕು.

ಮೊದಲ ಸಲ ಕೇಳುವಾಗ ಹಾಡಿನ ಸಾಹಿತ್ಯ ಎದುರಿಗಿರಲಿ. ಕೋರಸ್ ಜೋರಾದಾಗ ಪದಗಳು ಕಿವಿಗೆ ಸಿಗುವುದಿಲ್ಲ, ಕಥೆಯ ಎಳೆ ತಪ್ಪಿಹೋಗುತ್ತದೆ.