ಊಟದ ಸಮೀಕ್ಷೆಯಲ್ಲಿ ನಿನ್ನೆ ಒಂದು ದಿನ ಏನು ತಿಂದಿರಿ ಅಂತ ಕೇಳಿದರೆ ಇಡೀ ದೇಶದ ಊಟ ಹೇಗೆ ಗೊತ್ತಾಗುತ್ತದೆ?

ಅದರಿಂದ ನಿಮ್ಮೊಬ್ಬರ ಊಟ ತಿಳಿಯುವುದಿಲ್ಲ, ಜನರ ಸರಾಸರಿ ಊಟ ತಿಳಿಯುತ್ತದೆ. ನಿನ್ನೆ ಬಸವನಗುಡಿಯಲ್ಲಿ ನೀವು ಮದುವೆ ಊಟ ಮಾಡಿರಬಹುದು, ಯಶವಂತಪುರದಲ್ಲಿ ಇನ್ನೊಬ್ಬರು ಉಪವಾಸ ಇದ್ದಿರಬಹುದು. ಸಾವಿರಾರು ಮನೆಗಳಲ್ಲಿ, ವಾರದ ಬೇರೆ ಬೇರೆ ದಿನ ಕೇಳಿದಾಗ ಈ ಜಾಸ್ತಿ, ಕಡಿಮೆ ಒಂದಕ್ಕೊಂದು ಸರಿಹೋಗುತ್ತದೆ.

ಕೇಳುವ ರೀತಿಯೂ ಮುಖ್ಯ. 1972ರಲ್ಲಿ ಶುರುವಾದ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋದವರು (ಕರ್ನಾಟಕವೂ ಅದರಲ್ಲಿತ್ತು) ಮನೆಗೆ ಅಳತೆಯ ಬಟ್ಟಲುಗಳನ್ನು ಒಯ್ಯುತ್ತಿದ್ದರು. ಸಾರು ಎಷ್ಟು ಹಾಕಿಕೊಂಡ್ರಿ ಅಂತ ಸುಮ್ನೆ ಕೇಳಿದರೆ ಹೇಳೋದು ಕಷ್ಟ, ಅಲ್ವಾ? ಬಟ್ಟಲು ಮುಂದಿಟ್ಟರೆ ಬೆರಳಿಟ್ಟು ತೋರಿಸಬಹುದು. ಎಷ್ಟು ರಾಗಿ ಹಿಟ್ಟಿಗೆ ಎಷ್ಟು ಮುದ್ದೆ ಆಯಿತು ಅಂತ ಅಡುಗೆ ಮಾಡಿದವರು ಹೇಳಿದರೆ, ನಿಮ್ಮ ತಟ್ಟೆಯ ಮುದ್ದೆಯಲ್ಲಿ ಹಿಟ್ಟೆಷ್ಟು ಅನ್ನೋ ಲೆಕ್ಕ ಸಿಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕ ನೋಡಿದರೆ ಆ ಹಿಟ್ಟಿನಲ್ಲಿರುವ ಕಬ್ಬಿಣ, ಪ್ರೋಟೀನ್ ಕೂಡ ತಿಳಿಯುತ್ತದೆ.

ನಮ್ಮ ಬೆಂಗಳೂರಲ್ಲಿ ನನಗೆ ಚಿಂತೆ ದರ್ಶಿನಿ ತಿಂಡಿಯದು. ಆ ವಡೆ ಎಷ್ಟು ಎಣ್ಣೆ ಕುಡಿದಿದೆ ಅಂತ ಮನೆಯವರು ಹೇಗೆ ಹೇಳಿಯಾರು?

ಇನ್ನು, ಎಷ್ಟು ಜನರಿಗೆ ಕಬ್ಬಿಣ ಸಾಲುತ್ತಿಲ್ಲ ಅಂತ ತಿಳಿಯಲು ಸರಾಸರಿ ಸಾಲದು. ನಿನ್ನೆ ಕಡಿಮೆ ತಿಂದವರು ದಿನಾ ಹಾಗೇ ತಿನ್ನುತ್ತಾರೆ ಅಂತಿಲ್ಲವಲ್ಲ, ಅದಕ್ಕೆ ಕೆಲವರನ್ನಾದರೂ ಇನ್ನೊಂದು ದಿನ ಕೇಳಲೇಬೇಕು.